ಬಿಸಾಡದ ಸ್ಲೈಡುಗಳು

ಕಾಪುವಿನ ನಮ್ಮ ಮನೆಯಲ್ಲಿ ಹರಿದ ಬಲೆಯನ್ನು ಯಾರೂ ಬಿಸಾಡುವುದಿಲ್ಲ. ಹೊಲಿದು ಹೊಲಿದು ಇನ್ನು ಸಾಧ್ಯವಿಲ್ಲ ಎಂದಾದಾಗ ಅದು ಬಸಳೆ ಚಪ್ಪರಕ್ಕೆ ಏರುತ್ತದೆ. ಅಲ್ಲೂ ಹಳತಾದರೆ ಕೋಳಿಗೂಡಿಗೆ ಬರುತ್ತದೆ. ಮಣಿಪಾಲದ ಲ್ಯಾಬಿಗೆ ಸಂಶೋಧನೆಗೆಂದು ಹೋಗುವಾಗ ಈ ಚಾಳಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ ಎಂದು ಕಾಣುತ್ತದೆ. ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ಗಾಜಿನ ಸ್ಲೈಡುಗಳು ಕೆಟ್ಟರೆ ಉಳಿದವರು ಎಸೆಯುತ್ತಿದ್ದರು. ನಾನು ಮಾತ್ರ ಅವನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ಮೇಲೆ ‘ಹಾಳು’ ಎಂದು ಬರೆದು ಫ್ರಿಜ್ಜಿನ ಮೂಲೆಯಲ್ಲಿ ಇಡುತ್ತಿದ್ದೆ.

ಜೀವಕೋಶ ಎರಡಾಗುವುದನ್ನು ನೋಡುವುದು ನನ್ನ ಕೆಲಸ. ಎರಡಾಗುವ ಮೊದಲು ಕೋಶ ತನ್ನ ಪ್ರತಿ ಕ್ರೋಮೋಸೋಮಿಗೂ ಒಂದು ನಕಲು ಮಾಡಿಕೊಳ್ಳುತ್ತದೆ. ಆ ಜೋಡಿಯನ್ನು ಕೊಹೆಸಿನ್ ಎಂಬ ಪ್ರೋಟೀನ್ ಉಂಗುರದಂತೆ ಹಿಡಿದಿರುತ್ತದೆ. ಕಂಡೆನ್ಸಿನ್ ಎಂಬ ಇನ್ನೊಂದು ಪ್ರೋಟೀನ್ ಕ್ರೋಮೋಸೋಮಿನ ಉದ್ದದ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಎಳೆದು, ಮಡಿಸಿ, ಗಿಡ್ಡ ಮಾಡುತ್ತದೆ. ಕೊನೆಗೆ ಉಂಗುರ ತುಂಡಾಗಿ, ಜೋಡಿ ಬೇರೆಯಾಗಿ, ಒಂದೊಂದು ಒಂದೊಂದು ಕಡೆಗೆ ಹೋಗುತ್ತದೆ.

ಕಂಡೆನ್ಸಿನ್ ಕಡಿಮೆ ಮಾಡಿದರೆ ಏನಾಗುತ್ತದೆ? ಇದು ನನ್ನ ಪಾಲಿಗೆ ಬಂದ ಪ್ರಶ್ನೆ. ಒಂದೂವರೆ ವರ್ಷ ಕಳೆದರೂ ನನ್ನಲ್ಲಿ ಉತ್ತರವಿರಲಿಲ್ಲ. ಬೇರೆಯಾಗುತ್ತಿರುವ ಎರಡು ಗುಂಪುಗಳ ನಡುವೆ ಕೂದಲಿನಂಥ ಗೆರೆಗಳಷ್ಟೇ ಕಾಣುತ್ತಿದ್ದವು. ಕೋಶಗಳಿಗೆ ಹಾಕಿದ ಬಣ್ಣ ಸರಿಯಾಗಿ ತೊಳೆದಿಲ್ಲವೆಂದು ನನ್ನನ್ನೇ ಬೈದುಕೊಂಡು ಪೆಟ್ಟಿಗೆ ತುಂಬಿಸುತ್ತಿದ್ದೆ. ಬುಧವಾರ ಸಂಶೋಧನೆಯ ಪ್ರಗತಿ ನೋಡುವ ಸಮಿತಿಯ ಮುಂದೆ ಏನಾದರೂ ತೋರಿಸದಿದ್ದರೆ ನನ್ನ ಪಿಎಚ್‌ಡಿ ಅಲ್ಲಿಗೇ ಮುಗಿಯಿತು ಎಂದು ಗೈಡ್ ಮೇಡಂ ಹೇಳಿಯಾಗಿತ್ತು.

ಅದರ ಹಿಂದಿನ ಭಾನುವಾರ ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಹೋದೆ. ಅಮ್ಮ ಅಂಗಳದಲ್ಲಿ ಬಲೆಯ ರಾಶಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಹಿಂದಿನ ವಾರ ಒಣಗಿದ ಎರಡು ಬಲೆಗಳನ್ನು ಮಡಿಸಿಡಲು ಹೇಳಿದ್ದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಎರಡನ್ನೂ ಒಟ್ಟಿಗೆ ಬಾಚಿ, ಮೂಲೆಗೆ ತುರುಕಿ ಓಡಿದ್ದೆ.

ಅಮ್ಮ ಒಂದು ಬಲೆಯ ತುದಿ ಹಿಡಿದಳು, ನಾನು ಇನ್ನೊಂದರದು. ಎಳೆದೆವು. ರಾಶಿ ಎರಡಾಯಿತು, ಆದರೆ ನಡುವೆ ಹತ್ತಾರು ನೂಲುಗಳು ಬಿಗಿದು ನಿಂತವು.

“ಬಲೆ ಹಾಳಾಯ್ತು ಅಲ್ವಾ ಅಮ್ಮ?” ಎಂದೆ.

“ಬಲೆಗೆ ಎಂತ ಆಗಿದೆ ಮಾರಾಯ್ತಿ? ಅದು ಸರಿಯೇ ಉಂಟು. ಒಂದೊಂದನ್ನೇ ಮಡಿಸಿ ಇಟ್ಟಿದ್ದರೆ ಬೇರೆಬೇರೆ ಬರ್ತಿತ್ತು. ನೀನು ಮಡಿಸಲಿಲ್ಲ, ಅದಕ್ಕೆ ಒಂದನ್ನೊಂದು ಬಿಡ್ತಾ ಇಲ್ಲ.”

ಬೈದದ್ದು ತುಳುವಿನಲ್ಲಿ, ಕನ್ನಡಕ್ಕೆ ಬರುವಷ್ಟರಲ್ಲಿ ಖಾರ ಅರ್ಧ ಇಳಿದಿದೆ.

ನಾನು ಆ ನೂಲುಗಳನ್ನೇ ನೋಡುತ್ತ ನಿಂತೆ. ಇವೇ ಆ ಗೆರೆಗಳು! ಇಂಥದ್ದನ್ನು ಪುಸ್ತಕದಲ್ಲಿ ಓದಿರಲಿಲ್ಲವೆಂದಲ್ಲ. ಅಲ್ಲಿನ ಚಿತ್ರಗಳಲ್ಲಿ ಅವು ದಪ್ಪಗಿದ್ದವು, ನನ್ನವು ಸಪೂರ. ಜೊತೆಗೆ ನನ್ನ ಕೈಯ ಮೇಲೆ ನನಗೇ ನಂಬಿಕೆಯಿರಲಿಲ್ಲ. ತೊಳೆಯದೆ ಉಳಿದ ಬಣ್ಣ ಎಂದುಕೊಂಡದ್ದು ಸರಿಯಾಗಿ ಮಡಿಸದೆ ಸಿಕ್ಕಿಕೊಂಡ ಕ್ರೋಮೋಸೋಮುಗಳಾಗಿದ್ದವು.

ಕತ್ತರಿ ತರಲು ಹೊರಟೆ. ಅಮ್ಮ ಬಿಡಲಿಲ್ಲ. ಸಂಜೆಯವರೆಗೆ ಕೂತು ಒಂದೊಂದೇ ನೂಲು ಬಿಡಿಸಿದೆವು.

ಸೋಮವಾರ ‘ಹಾಳು’ ಪೆಟ್ಟಿಗೆ ತೆರೆದೆ. ಎರಡು ದಿನ ಕೂತು ಎಲ್ಲವನ್ನೂ ಮತ್ತೆ ನೋಡಿದೆ. ಕಂಡೆನ್ಸಿನ್ ಕಡಿಮೆಯಾದ ಕೋಶಗಳಲ್ಲಿ ಗೆರೆಗಳು ತುಂಬಿದ್ದವು. ಸರಿಯಿದ್ದ ಕೋಶಗಳಲ್ಲಿ ಹುಡುಕಿದರೂ ಅಪರೂಪ. ಬುಧವಾರ ಅದನ್ನೇ ತೋರಿಸಿದೆ. ಕೆಟ್ಟ ಸ್ಲೈಡುಗಳನ್ನೆಲ್ಲ ಯಾಕೆ ಇಟ್ಟುಕೊಂಡೆ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು.

“ನಮ್ಮ ಮನೆಯಲ್ಲಿ ಬಿಸಾಡುವ ಕ್ರಮ ಇಲ್ಲ ಸರ್,” ಎಂದೆ. ಅವರು ನಕ್ಕು, ಮುಂದುವರಿಸಿ ಎಂದರು.

ಮೊಬೈಲಿನಲ್ಲಿ ಆ ಗೆರೆಗಳ ಫೋಟೋ ತೋರಿಸಿದಾಗ ಅಮ್ಮ ಕಣ್ಣು ಕಿರಿದು ಮಾಡಿ, “ಇಷ್ಟು ಸಿಕ್ಕು ಮಾಡಿದ್ದು ಯಾರು?” ಎಂದಳು.

“ನಾನೇ.”

“ಇದಕ್ಕೂ ಡಾಕ್ಟರ್ ಪದವಿ ಕೊಡ್ತಾರಾ?”

ಕೊಟ್ಟರು, ಈ ವರ್ಷ. ಅಮ್ಮ ಬೈಯದಿದ್ದರೆ ಆ ಬುಧವಾರವೇ ಗಂಟುಮೂಟೆ ಕಟ್ಟುತ್ತಿದ್ದೆ. ಪ್ರಬಂಧದ ಮೊದಲ ಪುಟದಲ್ಲಿ ಅದನ್ನೇ ಬರೆದು, ಅವಳಿಗೆ ಓದಿ ಹೇಳಿದೆ. ಅವಳು ಪ್ರಬಂಧವನ್ನು ಸೆರಗಿನಿಂದ ಒರೆಸಿ ಕಪಾಟಿನಲ್ಲಿಟ್ಟು, “ಬಲೆ ಒಣಗಿದೆ, ಬಸ್ಸಿಗೆ ಹೊತ್ತುಂಟಾ?” ಎಂದಳು.

ಹೊತ್ತಿರಲಿಲ್ಲ. ಒಂದೊಂದನ್ನೇ ಮಡಿಸಿಟ್ಟು, ಮುಂದಿನ ಬಸ್ಸಿಗೆ ಹೋದೆ.