ಡೊಳ್ಳಿನ ಪದದ ಸೀಡಿ

ನಿಲಂಗಾದ ಬಸ್ ಸ್ಟ್ಯಾಂಡಿನ ಎದುರು ಧನರಾಜನ ವಿಡಿಯೋ ಅಂಗಡಿ. ಹುಟ್ಟಿದ್ದು ಔರಾದ ಕಡೆ. ತ್ರಿವೇಣಿಯನ್ನು ಮದುವೆಯಾಗಿ ಹೆಂಡತಿಯ ಊರಿಗೇ ಬಂದು ನೆಲೆಸಿದವನು. ಮೊದಮೊದಲು ಮನೆಯಳಿಯ ಎಂದು ಕಿಚಾಯಿಸಿದ ಜನವೇ ಈಗ ಲಗ್ನದ ತಾರೀಖು ಗೊತ್ತುಮಾಡುವ ಮುಂಚೆ ಧನರಾಜ ಖಾಲಿ ಇದ್ದಾನೋ ಇಲ್ಲವೋ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಕೈಚಳಕ ಹಾಗಿತ್ತು. ಮಂಟಪದಲ್ಲಿ ಮುಖ ಗಂಟುಹಾಕಿಕೊಂಡು ನಿಂತ ಬೀಗರೂ ಅವನ ಸೀಡಿಯಲ್ಲಿ ದೇವತೆಗಳಂತೆ ಮೆಲ್ಲಗೆ ನಡೆದು ಬರುತ್ತಿದ್ದರು. ಜನರ ಗದ್ದಲವನ್ನೆಲ್ಲ ಅಳಿಸಿ ಅದರ ಜಾಗಕ್ಕೆ ಸನಾದಿ, ಸಿನಿಮಾ ಹಾಡು ತುಂಬುತ್ತಿದ್ದ. ಏನನ್ನೇ ಆಗಲಿ ನಿಧಾನ ಮಾಡಿದರೆ ಅದಕ್ಕೊಂದು ಕಳೆ ಬರುತ್ತದೆ ಎಂಬುದು ಅವನ ನಂಬಿಕೆ. ಗಿರಾಕಿಗಳದೂ ಅದೇ.

ಆ ಸೀಮೆಯ ಊರೂರುಗಳನ್ನೇ ನೆಲಸಮ ಮಾಡಿದ ಭೂಕಂಪವಾಗಿ ಹತ್ತು ವರ್ಷ ಕಳೆದಿತ್ತು. ಒಂದು ದಿನ ಯೆಣೆಗೂರ ಕಡೆಯ ಕುರಿಗಾರ ಅಮೋಘಸಿದ್ಧ ಕಂಬಳಿಯಲ್ಲಿ ವಿಡಿಯೋ ಕ್ಯಾಸೆಟ್ಟೊಂದನ್ನು ಸುತ್ತಿಕೊಂಡು ಅಂಗಡಿಗೆ ಬಂದ. ಜೊತೆಗೆ ತಾಯಿ ಅಂಜನಾಬಾಯಿ. ಭೂಕಂಪದ ನಂತರ ಇವರೆಲ್ಲ ತಗಡಿನ ಶೆಡ್ಡಿನಲ್ಲಿದ್ದಾಗ, ಔಷಧ ಕೊಡಲು ಬಂದಿದ್ದ ಅಮೆರಿಕದ ಡಾಕ್ಟರಮ್ಮನೊಬ್ಬಳು ಕುರುಬರ ದೇವರು ಬೀರಪ್ಪನ ಡೊಳ್ಳಿನ ಪದ ಹಾಡುತ್ತಿದ್ದವನ ವಿಡಿಯೋ ಹಿಡಿದುಕೊಂಡಿದ್ದಳು. ಹಾಡಿದವನು ಅಂಜನಾಬಾಯಿಯ ಗಂಡ ಕಾಶೆಪ್ಪ. ಅವನು ತೀರಿಕೊಂಡು ಮೂರು ವರ್ಷ. ಮೊನ್ನೆ ಆ ಡಾಕ್ಟರಮ್ಮ ಮತ್ತೆ ಊರಿಗೆ ಬಂದವಳು ಕಾಶೆಪ್ಪ ಇಲ್ಲವೆಂದು ತಿಳಿದು, ಕ್ಯಾಸೆಟ್ಟನ್ನು ಅಂಜನಾಬಾಯಿಯ ಉಡಿಗೆ ಹಾಕಿ ಹೋಗಿದ್ದಳು.

"ಅವರ ದನಿ ಒಮ್ಮಿ ಕೇಳಬೇಕು ತಮ್ಮಾ," ಎಂದಳು ಅಂಜನಾಬಾಯಿ. "ಫೋಟೋ ಮನ್ಯಾಗ ಅದ. ದನಿ ಎಲ್ಲಿಂದ ತರ್ಲಿ?"

ಧನರಾಜ ಕ್ಯಾಸೆಟ್ಟು ಹಾಕಿದ. ಟೀವಿಯಲ್ಲಿ ಬಣ್ಣವೇ ಇಲ್ಲ, ಚಿತ್ರ ಮೇಲಕ್ಕೆ ಉರುಳುತ್ತಿತ್ತು, ಶಬ್ದ ಬರೀ ಗೊರಗೊರ. ತಾಯಿ ಮಗ ಇಬ್ಬರ ಮುಖವೂ ಸಣ್ಣಗಾಯಿತು.

"ಕೆಟ್ಟಿಲ್ಲರೀ ಮಾವಶಿ," ಎಂದ ಧನರಾಜ. "ಅವರ ದೇಶದ ಟೀವಿದು ರೀತಿನೇ ಬ್ಯಾರೆ. ಅಲ್ಲಿ ಸೆಕೆಂಡಿಗಿ ಮೂವತ್ತು ಚಿತ್ರ ಓಡ್ತಾವ, ನಮ್ಮಲ್ಲಿ ಇಪ್ಪತ್ತೈದು. ನಮ್ಮ ರೀತಿಗಿ ತಂದು ಸೀಡಿ ಮಾಡಿ ಕೊಡ್ತೀನಿ."

ಎರಡೂ ಬಗೆಯ ಕ್ಯಾಸೆಟ್ಟು ನಡೆಸುವ ಮಶೀನು ಉದಗೀರದಲ್ಲಿ, ಸೌದಿಯಿಂದ ಮರಳಿದ ಗೆಳೆಯನೊಬ್ಬನ ಮನೆಯಲ್ಲಿತ್ತು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿದ. ಈಗ ಎರಡು ದಾರಿ. ಮೂವತ್ತರಲ್ಲಿ ಐದನ್ನು ಕಿತ್ತುಹಾಕಿದರೆ ವೇಗ ಸರಿಯಿರುತ್ತದೆ, ಆದರೆ ಚಿತ್ರ ಅಲ್ಲಲ್ಲಿ ಮುಗ್ಗರಿಸುತ್ತದೆ. ಒಂದನ್ನೂ ಕೀಳದೆ ಎಲ್ಲವನ್ನೂ ನಮ್ಮ ನಡಿಗೆಯಲ್ಲಿ ಓಡಿಸಿದರೆ ಚಿತ್ರ ಬೆಣ್ಣೆಯಷ್ಟು ನುಣುಪು. ಆದರೆ ನಿಧಾನವಾಗುತ್ತದೆ, ಜೊತೆಗೆ ಶಬ್ದವೂ ಎಳೆಯುತ್ತದೆ. ಲಗ್ನದ ಸೀಡಿಗೆ ಪಳಗಿದ ಕೈ ಅಲ್ಲವೇ, ಹಿಂದೆಮುಂದೆ ನೋಡದೆ ಎರಡನೆಯದನ್ನೇ ಹಿಡಿಯಿತು. ಕಾಶೆಪ್ಪ ತೆರೆಯ ಮೇಲೆ ಗಂಭೀರವಾಗಿ ಡೊಳ್ಳು ಬಾರಿಸುವುದನ್ನು ಕಂಡು ಧನರಾಜ ತನಗೆ ತಾನೇ ಭೇಷ್ ಎಂದುಕೊಂಡ.

ಅಂಜನಾಬಾಯಿ ಬಂದು ಟೀವಿಯ ಮುಂದೆ ಕೂತಳು. ಗಂಡನ ಮುಖ ಕಂಡದ್ದೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಪದ ಶುರುವಾಯಿತು. ಅವಳ ಬಲಗೈ ತನ್ನಷ್ಟಕ್ಕೆ ತಾನು ತೊಡೆಯ ಮೇಲೆ ಬಡಿಯತೊಡಗಿತು. ಸ್ವಲ್ಪ ಬಡಿದು ತಡೆಯಿತು, ಮತ್ತೆ ಬಡಿಯಿತು, ಮತ್ತೆ ತಡೆಯಿತು. ಕೊನೆಗೆ ಸುಮ್ಮನೆ ಮಡಿಲಿಗೆ ಬಿತ್ತು.

"ಮಾರಿ ಅವರದೇ ತಮ್ಮಾ. ದನಿ ಅವರದಲ್ಲ."

"ಹೆಂಗ ಅಲ್ರೀ? ಅವರ ಬಾಯಿಂದನೇ ಬರ್ಲಾಕತ್ತದ!"

"ಸಂಜಿಕಿ ಅವರು ಹೊರಗ ಹಾಡೋರು, ನಾ ಒಳಗ ರೊಟ್ಟಿ ಬಡಿಯೋಳು. ಅವರ ಡೊಳ್ಳು, ನನ್ನ ಕೈ, ಎರಡೂ ಕೂಡೇ ನಡೀತಿದ್ದವು. ಈ ಮನಷ್ಯಾ ನನ್ನ ಕೈಗಿ ಸಿಗವಲ್ಲ."

ಜಗಳವಿಲ್ಲ, ದೂರಿಲ್ಲ. ಸೀಡಿಯನ್ನು ಅಲ್ಲೇ ಬಿಟ್ಟು ಎದ್ದುಹೋದಳು. ಬೈದಿದ್ದರೂ ಧನರಾಜನಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಮನೆಗೆ ಹೋದವನು ಊಟಕ್ಕೆ ಕೂತು ಗೊಣಗಿದ. "ಉದಗೀರದಿಂದ ಮಶೀನ ಹೊತ್ತು ತಂದೀನಿ. ಕೆಲಸದ ಕದರೇ ಇಲ್ಲ ಮಂದಿಗಿ."

ತ್ರಿವೇಣಿ ರೊಟ್ಟಿ ಬಡಿಯುತ್ತಲೇ ಹೇಳಿದಳು. "ಯಾರ ದನಿ ಉಳಿಸೀರಿ ನೀವು? ನಮ್ಮ ಲಗ್ನದ ಕ್ಯಾಸೆಟ್ಟಿನ್ಯಾಗ ನಮ್ಮಪ್ಪ ನನ್ನ ಹಿಡಕೊಂಡು ಅತ್ತಿದ್ದು ಅಳಿಸಿ ಸನಾದಿ ತುಂಬೀರಿ. ನಾ ಏನರ ಅಂದೇನು?"

ಧನರಾಜ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದ. ಇಷ್ಟು ವರ್ಷ ಈಕೆ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳೇ! ಮಾವ ಈಗಿಲ್ಲ. ಆ ಅಳುವನ್ನು ಯಾವ ಮಶೀನಿನಿಂದಲೂ ಮರಳಿ ತರುವಂತಿಲ್ಲ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಒಲೆಯ ಮುಂದೆ ತಪ್ ತಪ್ ಎಂದು ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು; ಅದನ್ನೂ ಅವನು ಅಂದೇ ಕಿವಿಗೊಟ್ಟು ಕೇಳಿದ್ದು.

ಮರುದಿನ ಕಂಪ್ಯೂಟರಿನ ಮುಂದೆ ಕೂತು ಮೂವತ್ತರಲ್ಲಿ ಐದನ್ನು ಕಿತ್ತುಹಾಕಿದ, ಪದದ ವೇಗವನ್ನು ಇದ್ದಂತೆಯೇ ಬಿಟ್ಟ. ಕಾಶೆಪ್ಪನ ದನಿ ಹಗುರಾಯಿತು, ಚುರುಕಾಯಿತು. ಗಂಭೀರ ಮನುಷ್ಯನಲ್ಲ, ತುಂಟ ಮನುಷ್ಯನದು ಆ ದನಿ. ಚಿತ್ರ ಮಾತ್ರ ಮುಗ್ಗರಿಸುತ್ತಿತ್ತು. ಲಗ್ನದ ಗಿರಾಕಿಯಾಗಿದ್ದರೆ ಮುಖಕ್ಕೆ ಎಸೆದು ಹೋಗುತ್ತಿದ್ದ.

ತಾಯಿ ಮಗ ಮತ್ತೆ ಬಂದರು. "ಚಿತ್ರ ಸ್ವಲ್ಪ ಹಾರ್ತದ್ರೀ ಮಾವಶಿ," ಎಂದು ಧನರಾಜ ಅಳುಕುತ್ತಲೇ ಸೀಡಿ ಹಚ್ಚಿದ.

ಅಂಜನಾಬಾಯಿ ಚಿತ್ರ ನೋಡಲೇ ಇಲ್ಲ, ಕಣ್ಣು ಮುಚ್ಚಿದ್ದಳು. ಪದದ ಮೊದಲ ಸೊಲ್ಲಿಗೇ ಕೈ ಎದ್ದಿತು. ತೊಡೆಯ ಮೇಲೆ ಬಡಿಯಿತು, ಹೊರಳಿತು, ಮತ್ತೆ ಬಡಿಯಿತು. ಎಲ್ಲೂ ತಡೆಯಲಿಲ್ಲ. ಟೀವಿಯ ಡೊಳ್ಳು ಯಾವುದು, ಅವಳ ಕೈ ಯಾವುದು ಎಂದು ತಿಳಿಯದಂತೆ ಎರಡೂ ಕೂಡೇ ನಡೆದವು. ಪದ ಮುಗಿಯಿತು, ಕೈಯೂ ನಿಂತಿತು.

"ಅಮೋಘಾ, ತಾಟು ಇಡು," ಎಂದಳು ಕಣ್ಣು ತೆರೆಯದೆ. "ನಿಮ್ಮಪ್ಪ ಉಣ್ಲಾಕ ಬರ್ತಾರ."

ಅಂದ ಮೇಲೆ ತಾನೇ ಬೆಚ್ಚಿ ಕಣ್ಣು ಬಿಟ್ಟಳು. ಎದುರಿಗಿದ್ದದ್ದು ಖಾಲಿ ತೆರೆ. ಅಮೋಘಸಿದ್ಧ ತಾಯಿಯ ಭುಜದ ಮೇಲೆ ಕೈಯಿಟ್ಟ.

ಧನರಾಜ ಸೀಡಿಯನ್ನು ಮೊದಲಿನಿಂದ ಮತ್ತೆ ಹಚ್ಚಿದ.