ಪಾತಿ ಖಾಲಿಯಾಗುವ ಮುನ್ನ

ಬೆಳಿಗ್ಗೆ ಐದೂವರೆ. ಸುಬ್ರಹ್ಮಣ್ಯಪುರದ ಕೆರೆಯಂಚಿನ ತೋಟದ ಬದುವಿನ ಮೇಲೆ ಚೂಡಾಮಣಿ ಸೀರೆ ಎತ್ತಿಕಟ್ಟಿ ನಿಂತಿದ್ದಾರೆ. ಎದುರಿಗೆ ಮೊಣಕಾಲುದ್ದದ ದಂಟಿನ ಸೊಪ್ಪು, ಅದರಾಚೆ ಮೆಂತ್ಯ. ತೋಟದ ಒಡತಿ ಲಕ್ಷ್ಮಿದೇವಮ್ಮನ ಕೈ ಬುಡಕ್ಕೆ ಹೋದಾಗಲೆಲ್ಲ ಇವರು ತಡೆಯುತ್ತಾರೆ. ಬನಶಂಕರಿ ಮಾರ್ಕೆಟ್ಟಿನ ಟೆಂಪೊ ಎರಡು ಸಲ ಹಾರನ್ ಹೊಡೆದಾಗಿದೆ.

"ಟೆಂಪೊ ಹೋದ್ರೆ ಇಷ್ಟೂ ಸೊಪ್ಪು ನೀನೇ ತಿಂತೀಯೇನಕ್ಕಾ?" ಲಕ್ಷ್ಮಿದೇವಮ್ಮ ರೇಗುತ್ತಾರೆ.

"ತಿಂತೀನಿ. ಲೆಕ್ಕಿಗರು ನೋಡೋವರ್ಗೂ ಒಂದು ಕಡ್ಡೀನೂ ಕೀಳ್ಬೇಡ."

ಚೂಡಾಮಣಿ ಸರ್ಕಾರಿ ನೌಕರರಲ್ಲ. ಇಟ್ಟಮಡುವಿನ ಬಾಡಿಗೆ ಮನೆಯ ಈ ಐವತ್ತೆರಡರ ಹೆಂಗಸು ಕೃಷಿ ಕಚೇರಿಯೆದುರಿನ ಹೊಂಗೆ ಮರದಡಿ ಕೂತು ರೈತರಿಗೆ ಸಹಾಯಧನದ ಅರ್ಜಿ ಬರೆದುಕೊಡುತ್ತಾರೆ. ಮೊದಲು ಗಾರ್ಮೆಂಟ್ಸ್‌ನಲ್ಲಿದ್ದರು. ಜೊತೆಯವರ ಪರವಾಗಿ ರಜೆಯ ಅರ್ಜಿ ಬರೆದದ್ದಕ್ಕೆ 1995ರಲ್ಲಿ ಕೆಲಸ ಹೋಯಿತು. ಕೆಲಸ ಕಿತ್ತುಕೊಂಡವರು ಪೆನ್ನು ಕಿತ್ತುಕೊಳ್ಳಲಿಲ್ಲ. ಆಗಿನಿಂದ ಈ ಎಂಟು ವರ್ಷ ದಿನಕ್ಕೆ ಹದಿನೈದು ಅರ್ಜಿ, ಬಿತ್ತನೆ ಕಾಲದಲ್ಲಿ ನಲವತ್ತು. ಈ ಕಡೆ ಇನ್ನೂ ರೈತರಿದ್ದಾರೆಯೇ ಎಂದು ಹುಬ್ಬೇರಿಸುವ ಜಯನಗರದವರು, ತಮ್ಮ ಸಾರಿಗೆ ಬಿದ್ದ ಸೊಪ್ಪು ಎಲ್ಲಿಂದ ಬಂತೆಂದು ಕೇಳಿಕೊಳ್ಳುವುದಿಲ್ಲ.

ಲಕ್ಷ್ಮಿದೇವಮ್ಮನಿಗಿರುವುದು ಒಂದೂಕಾಲು ಎಕರೆ. ತುಂತುರು ನೀರಾವರಿಯ ಪೈಪಿಗೆ ಸಹಾಯಧನ ಕೇಳಿದರೆ ಕಚೇರಿ ಅರ್ಜಿಯನ್ನು ವಾಪಸ್ ತಳ್ಳಿದೆ. ಪಹಣಿಯ ಬೆಳೆ ಕಾಲಮ್ಮಿನಲ್ಲಿ 'ಬೀಳು' ಎಂದಿದೆ. ಕಳೆದ ವರ್ಷ ಗೌರಿ ಹಬ್ಬದ ಹಿಂದಿನ ದಿನ ಬೆಳೆ ಬರೆದುಕೊಳ್ಳಲು ಗ್ರಾಮ ಲೆಕ್ಕಿಗರು ಬಂದದ್ದು ಹನ್ನೊಂದು ಗಂಟೆಗೆ. ಹಬ್ಬದ ಸಂತೆಗೆಂದು ನಸುಕಿನಲ್ಲೇ ಇಡೀ ತೋಟ ಕಿತ್ತಾಗಿತ್ತು. ಬರಿ ಮಣ್ಣು ಕಂಡರು, ಬರೆದರು. ಬರೆದದ್ದು ಸುಳ್ಳಲ್ಲ. ಆದರೆ ನೋಡುವ ಹೊತ್ತನ್ನು ಗೊತ್ತುಮಾಡಿದ್ದು ಯಾರು? ಬೆಳೆಯಲ್ಲ, ಕಚೇರಿಯ ಗಡಿಯಾರ. ಆಮೇಲೆ ಲೇಔಟಿನವರು ಮೂರು ಸಲ ಬಂದು, ಹೇಗೂ ಬೀಳು ಭೂಮಿ, ಮಾರಿಬಿಡಿ ಎಂದು ಹೋಗಿದ್ದಾರೆ. ಬೆಳೆಯಿದೆ ಎಂದು ಲೆಕ್ಕಿಗರು ನೋಡಿ ಬರೆದುಕೊಟ್ಟರೆ ಅರ್ಜಿ ಮತ್ತೆ ಹಾಕಬಹುದು; ಅದಕ್ಕೆ ಇವತ್ತೇ ಕಡೆಯ ದಿನ.

ಲೆಕ್ಕಿಗ ಗೌರೀಶಂಕರ ಅವರನ್ನು ಒಪ್ಪಿಸಲು ಚೂಡಾಮಣಿ ನಿನ್ನೆ ಮೂರು ಗಂಟೆ ಅವರ ಬಾಗಿಲಲ್ಲಿ ನಿಂತಿದ್ದರು. ಬೆಳಿಗ್ಗೆ ಆರಕ್ಕೆ ಬನ್ನಿ ಎಂದಾಗ ಅವರು ನಕ್ಕಿದ್ದರು.

"ನಾನು ಎದ್ದೇಳೋದೇ ಏಳಕ್ಕೆ ಕಣಮ್ಮ."

"ಸೊಪ್ಪು ನಾಲ್ಕಕ್ಕೇ ಏಳುತ್ತೆ ಸಾರ್. ಬರಲ್ಲ ಅಂತಾದ್ರೆ, ಬರಲ್ಲ ಅಂತ ಒಂದು ಚೀಟಿ ಬರ್ಕೊಡಿ."

ಚೀಟಿ ಕೊಡುವ ಧೈರ್ಯ ಅವರಿಗಿರಲಿಲ್ಲ. ಇವತ್ತು ಟೆಂಪೊ ಕಾಯಲಾರದೆ ಹೊರಟ ಹತ್ತು ನಿಮಿಷಕ್ಕೆ, ಮಫ್ಲರ್ ಸುತ್ತಿಕೊಂಡು ಸ್ಕೂಟರಿನಲ್ಲಿ ಬರುತ್ತಾರೆ. ಬೂಟು ಕೆಸರಿಗಿಳಿಯುತ್ತದೆ. ಗೊಣಗಿಕೊಂಡೇ ತೋಟದ ನಾಲ್ಕೂ ಮೂಲೆ ಸುತ್ತುತ್ತಾರೆ. ಸ್ಥಳ ಪರಿಶೀಲನೆಯ ಹಾಳೆಯಲ್ಲಿ 'ದಂಟು, ಮೆಂತ್ಯ' ಎಂದು ಬರೆದು ಸಹಿ ಹಾಕುತ್ತಾರೆ. ಚೂಡಾಮಣಿ ತಾರೀಕಿನ ಜೊತೆಗೆ ಗಂಟೆಯನ್ನೂ ಬರೆಸುತ್ತಾರೆ.

ಆಮೇಲೆ ಇಬ್ಬರೂ ಹೆಂಗಸರು ಕೈಗೆ ಬಂದಷ್ಟು ಸೊಪ್ಪು ಕಿತ್ತು, ಮೂಟೆ ಹೊತ್ತು ಮಾರ್ಕೆಟ್ಟಿನ ಬಸ್ಸಿಗೆ ನಡೆಯುತ್ತಾರೆ. ಲಕ್ಷ್ಮಿದೇವಮ್ಮನ ಸಿಟ್ಟಿನ್ನೂ ಇಳಿದಿಲ್ಲ. ಸಹಿಯಾದ ಹಾಳೆಯನ್ನು ಮಾತ್ರ ರವಿಕೆಯೊಳಗೆ ಭದ್ರ ಮಾಡಿಕೊಂಡಿದ್ದಾರೆ. ಹತ್ತಕ್ಕೆ ಕಚೇರಿ ತೆರೆದಾಗ ಸಾಲಿನಲ್ಲಿ ಅವರೇ ಮೊದಲು. ಅರ್ಜಿಯ ಮೇಲೆ ಸೀಲು ಬೀಳುತ್ತದೆ.

ನಿಮಗೇನು ಬೇಕೆಂದು ಕೇಳಿದರೆ ಚೂಡಾಮಣಿ ಪೆನ್ನಿನ ಮುಚ್ಚಳ ತೆಗೆಯುತ್ತಲೇ ಹೇಳುತ್ತಾರೆ: "ನನಗೇನೂ ಬೇಡಪ್ಪ. ಸರ್ಕಾರ ಒಂದಿನ ತಾನಾಗೇ ಬೇಗ ಎದ್ದು ಬರ್ಲಿ. ಅಲ್ಲೀವರ್ಗೂ ನಾನು ಎಬ್ಬಿಸ್ತಿರ್ತೀನಿ."