ಹೋಳಿಗೆ ಡಬ್ಬಿಯ ಜೊತೆ ಬಂದ ನೋಟಿಸು

ಬಾಗಿಲು ತೆರೆದರೆ, ಅಮೆರಿಕದ ಲಿಟಲ್ ಎಲ್ಮ್ ಊರಿನ ನಮ್ಮ ಬಾಡಿಗೆ ಮನೆಯ ಮಾಲೀಕರಾದ ಮೈಸೂರಿನ ಅಂಕಲ್ ಒಂದು ಕೈಯಲ್ಲಿ ಹೋಳಿಗೆ ಡಬ್ಬಿ, ಇನ್ನೊಂದರಲ್ಲಿ ಲಕೋಟೆ ಹಿಡಿದು ನಿಂತಿದ್ದರು. ಲಕೋಟೆಯೊಳಗೆ, ತಿಂಗಳಲ್ಲಿ ಮನೆ ಬಿಡಬೇಕೆಂಬ ನೋಟಿಸು.

“ಬಾಡಿಗೆ ಅಗ್ರಿಮೆಂಟ್ ಮುಗಿದಾಗ, ನಮ್ಮೋರಿಗೆ ಮತ್ತೆ ಪೇಪರ್ ಯಾಕೆ ಅಂದೋರು ನೀವೇ ಅಲ್ವಾ ಅಂಕಲ್?”

“ಹೌದಮ್ಮ. ಪೇಪರ್ ಇದ್ದಿದ್ರೆ ಹೀಗೆ ಬಿಡಿಸೋಕೆ ಆಗ್ತಿರ್ಲಿಲ್ಲ. ಮಗಳು ಇಲ್ಲಿಗೇ ಶಿಫ್ಟ್ ಆಗ್ತಿದಾಳೆ... ಹೋಳಿಗೆ ಬಿಸಿ ಇದೆ, ಈಗ್ಲೇ ತಿನ್ನಮ್ಮ.”

ವಿಚಾರಿಸಿದೆ, ಕಾನೂನೂ ಅವರ ಕಡೆಗೇ ಇದೆ. ಸಿಟ್ಟು ಮಾಡಿಕೊಳ್ಳೋಣವೆಂದರೆ ಹೋಳಿಗೆ ಅಷ್ಟು ಚೆನ್ನಾಗಿತ್ತು!

ತೊಳೆದ ಡಬ್ಬಿ ಅಡುಗೆಮನೆಯಲ್ಲಿ ಕೂತಿದೆ. ಬೇರೆಯವರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅಮ್ಮ ಕಲಿಸಿದ್ದಳು. ಮನೆ ಬಿಡಿಸುವವರ ಡಬ್ಬಿಗೆ ಏನು ಹಾಕಿ ಕೊಡಬೇಕೆಂದು ಹೇಳಿಕೊಟ್ಟಿರಲಿಲ್ಲ.